ನೆದರ್‌ಲ್ಯಾಂಡ್ಸ್‌ನಲ್ಲಿ ನಿಧಾನದ ಸೈಕಲ್ ಪ್ರವಾಸ: ಕಟ್ಟೆಯ ಹಾದಿಯೋ, ಹಸಿರು ಬಯಲೋ, ಕಾಡೋ?

ಆಮ್ಸ್ಟೆಲ್‌ವೇನ್‌ನಲ್ಲಿ ನಮ್ಮ ಮನೆ. ಊರಿಂದ ಬರುವ ನೆಂಟರು, ಸ್ನೇಹಿತರು ಎಲ್ಲರೂ ಕೇಳುವುದು ಒಂದೇ: "ಸೈಕಲ್‌ನಲ್ಲಿ ಸುತ್ತಬೇಕು, ಎಲ್ಲಿಗೆ ಹೋಗೋಣ?" ಈ ದೇಶದಲ್ಲಿ ಸೈಕಲ್ ದಾರಿ ಇಲ್ಲದ ಊರು ಸಿಗುವುದಿಲ್ಲ. ಆಯ್ಕೆ ಕಷ್ಟವಾಗುವುದು ಅದಕ್ಕೇ. ನಾನು ಚೆನ್ನಾಗಿ ತುಳಿದು ನೋಡಿರುವುದು ಮೂರು ಕಡೆ. ಆಮ್‌ಸ್ಟರ್‌ಡ್ಯಾಮ್‌ನ ಉತ್ತರಕ್ಕಿರುವ ಹಳೆಯ ಕಡಲ ಕಟ್ಟೆ, ಲೈಡನ್ ಮತ್ತು ಗೌಡಾ ಸುತ್ತಲಿನ 'ಹಸಿರು ಹೃದಯ' ಎಂಬ ಬಯಲು, ಪೂರ್ವದ ಹೋಖೆ ವೇಲುವೆ ಕಾಡು. ಕೆಲವು ಸಲ ಗಂಡನ ಜೊತೆ ಹೋದೆ, ಕೆಲವು ಸಲ ಸಾಗರದಿಂದ ಬಂದಿದ್ದ ಅಕ್ಕನ ಜೊತೆ.

ಎಷ್ಟು ಕಿಲೋಮೀಟರ್ ಹೋದೆವು ಅನ್ನುವುದು ನನ್ನ ಅಳತೆ ಅಲ್ಲ. ಎಷ್ಟು ಸುಲಭವಾಗಿ ನಿಲ್ಲಬಹುದು ಅನ್ನುವುದೇ ಮುಖ್ಯ. ಚೆಂದ ಕಂಡಾಗ ಇಳಿದು ಕೂರಲು ಜಾಗ ಬೇಕು. ಕಾಲು ಸೋತಾಗ ರೈಲು ಹತ್ತಿ ಮನೆಗೆ ಬರುವ ದಾರಿಯೂ ಇರಬೇಕು. ಆರಾಮದ ಪ್ರವಾಸ ಅಂದರೆ ಅದೇ ಅಲ್ವಾ?

ಮೊದಲು ಕಟ್ಟೆಯ ಹಾದಿ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್ ಸ್ಟೇಷನ್‌ನ ಹಿಂಬಾಗಿಲಿನಿಂದ ಹೊರಬಂದರೆ ಎದುರಿಗೇ ಐ ಎಂಬ ನೀರು. ಅದನ್ನು ದಾಟಿಸುವ ದೋಣಿಗೆ ದುಡ್ಡಿಲ್ಲ, ಸೈಕಲ್‌ಗೂ ಇಲ್ಲ. ಆಚೆ ದಡದಲ್ಲಿ ಸ್ವಲ್ಪ ಹೊತ್ತು ತುಳಿದರೆ ನಗರ ಮುಗಿದೇ ಹೋಗುತ್ತದೆ. ಡರ್ಗರ್‌ಡ್ಯಾಮ್ ಬರುತ್ತದೆ. ಕಟ್ಟೆಯ ಮೇಲೆ ಒಂದೇ ಸಾಲಿನಲ್ಲಿ ಮರದ ಮನೆಗಳು. ಬಲಕ್ಕೆ ನೀರು, ಎಡಕ್ಕೆ ತಗ್ಗಿನಲ್ಲಿ ಹುಲ್ಲುಗಾವಲು, ಕುರಿ, ಬಾತುಕೋಳಿ. ಮುಂದೆ ಮಾರ್ಕನ್. ಇದು ಮೊದಲು ದ್ವೀಪ. 1957ರಲ್ಲಿ ನೆಲಕ್ಕೆ ಸೇರಿಸುವ ರಸ್ತೆ ಬಂತು. ಇಲ್ಲಿನ ಹಳೆಯ ಮನೆಗಳು ದಿಬ್ಬದ ಮೇಲೋ ಕಂಬದ ಮೇಲೋ ಏಕೆ ನಿಂತಿವೆ ಎಂದು ತಿಳಿಯಲು ಒಮ್ಮೆ ಸುತ್ತಿ ಬಂದರೆ ಸಾಕು. ಆಗ ಇದೆಲ್ಲ ತೆರೆದ ಕಡಲು. 1916ರ ಪ್ರವಾಹದಲ್ಲಿ ಮಾರ್ಕನ್‌ನಲ್ಲಿ ಜನ ಸತ್ತರು. ಆ ಪ್ರವಾಹದ ನಂತರವೇ ಕಡಲಿನ ಬಾಯಿ ಮುಚ್ಚುವ ಯೋಜನೆಗೆ ಬಲ ಬಂದಿದ್ದು. ಹಾಗೆ ಕಟ್ಟಿದ 32 ಕಿ.ಮೀ. ಉದ್ದದ ಅಡ್ಡಗಟ್ಟೆ ಅಫ್‌ಸ್ಲಾಯ್ಟ್‌ಡೈಕ್ 1932ರಲ್ಲಿ ಮುಗಿಯಿತು. ಉಪ್ಪುನೀರಿನ ಕಡಲು ಸಿಹಿನೀರಿನ ಸರೋವರವಾಯಿತು.

ಮಾರ್ಕನ್‌ನಿಂದ ವೊಲೆಂಡಮ್‌ಗೆ ದೋಣಿ ಇದೆ, ಸೈಕಲ್ ಹತ್ತಿಸಬಹುದು. ದೋಣಿ ಬೇಡವಾದರೆ ಮೊನಿಕೆನ್‌ಡ್ಯಾಮ್ ಮೂಲಕ ಸುತ್ತಿ ಹೋಗಬೇಕು. ವೊಲೆಂಡಮ್‌ನಲ್ಲಿ ನನಗೆ ಹೆಚ್ಚು ಹೊತ್ತು ಇರಲು ಆಗುವುದಿಲ್ಲ. ಪ್ರವಾಸಿ ಬಸ್ಸು, ವೇಷ ಹಾಕಿ ಫೋಟೊ ತೆಗೆಸುವ ಅಂಗಡಿ, ಮೀನಿನ ಅಂಗಡಿ, ಬರೀ ಗದ್ದಲ. ಹತ್ತೇ ನಿಮಿಷ ಮುಂದೆ ಹೋದರೆ ಎಡಮ್. ಕಾಲುವೆ, ಸಣ್ಣ ಸೇತುವೆ, ಬಾಗಿದ ಗೋಡೆಗಳ ಹಳೆಯ ಮನೆ. ಅಲ್ಲಿ ಕಾಫಿ ಕುಡಿಯುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಚೆಲುವಿನ ಲೆಕ್ಕದಲ್ಲಿ ಈ ಹಾದಿಗೆ ಮೊದಲ ಸ್ಥಾನ ಕೊಡುತ್ತೇನೆ. ತೊಂದರೆ ಇರುವುದು ಗಾಳಿಯಲ್ಲಿ. ಕಟ್ಟೆಯ ಮೇಲೆ ಮರ ಇಲ್ಲ, ಮರೆ ಇಲ್ಲ. ಸಪಾಟು ನೆಲ, ತುಳಿಯುವುದು ಸುಲಭ ಅಂದುಕೊಂಡು ಬಂದವರಿಗೆ ಎದುರು ಗಾಳಿ ಏರು ರಸ್ತೆಗಿಂತ ಜಾಸ್ತಿ ಸುಸ್ತು ಮಾಡಿಸುತ್ತದೆ. ಅಕ್ಕ ಒಂದು ಕಡೆ ಸೈಕಲ್ ನಿಲ್ಲಿಸಿ, "ಎಂತ ಗಾಳಿ ಮಾರಾಯ್ತಿ ಇದು! ಇದಕ್ಕೆ ನಮ್ಮ ಜೋಗದ ಏರೇ ವಾಸಿ" ಅಂದಳು. ಇನ್ನೊಂದು ತೊಂದರೆ ರೈಲು. ಮಾರ್ಕನ್, ಮೊನಿಕೆನ್‌ಡ್ಯಾಮ್, ವೊಲೆಂಡಮ್, ಎಡಮ್, ಯಾವುದರಲ್ಲೂ ಸ್ಟೇಷನ್ ಇಲ್ಲ. ಬಸ್ಸಿದೆ, ಆದರೆ ಸೈಕಲ್ ಹತ್ತಿಸುವ ಹಾಗಿಲ್ಲ. ಸುಸ್ತಾದರೂ ತುಳಿಯಲೇಬೇಕು.

ಇದಕ್ಕೆ ನಾವು ಕಂಡುಕೊಂಡ ಉಪಾಯ ಇದೆ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಹಾಗಾಗಿ ಆಮ್‌ಸ್ಟರ್‌ಡ್ಯಾಮ್‌ಗೆ ವಾಪಸ್ ತುಳಿಯುವ ಯೋಚನೆ ಬಿಟ್ಟು, ಎಡಮ್ ದಾಟಿ ಹೋರ್ನ್‌ವರೆಗೆ ಉತ್ತರಕ್ಕೇ ಹೋಗಿ. ಬೆನ್ನಿಗೆ ಗಾಳಿ ಸಿಗುತ್ತದೆ. ಹೋರ್ನ್‌ನಲ್ಲಿ ಸ್ಟೇಷನ್ ಇದೆ, ಬಂದರಿನ ಹತ್ತಿರ ಕೂತು ಊಟ ಮಾಡಲು ಒಳ್ಳೆಯ ಜಾಗಗಳೂ ಇವೆ. ಈ ಕಟ್ಟೆಯನ್ನು ಬಲಪಡಿಸುವ ಕೆಲಸ ವರ್ಷಗಳಿಂದ ನಡೆದಿದೆ, ಕೆಲವೆಡೆ ದಾರಿ ಬದಲಿಸಿರುತ್ತಾರೆ. ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ. ವಾರಾಂತ್ಯದಲ್ಲಿ ರೇಸ್ ಸೈಕಲ್‌ನವರು ಗುಂಪಾಗಿ ಬರುತ್ತಾರೆ. ಇಬ್ಬರು ಪಕ್ಕಪಕ್ಕ ಮಾತಾಡುತ್ತಾ ಹೋಗುತ್ತಿದ್ದರೆ, ಹಿಂದೆ ಬೆಲ್ ಕೇಳಿದ ಕೂಡಲೇ ಬಲಕ್ಕೆ ಸರಿದು ಒಂದೇ ಸಾಲಿಗೆ ಬನ್ನಿ.

ಇನ್ನು ನನ್ನ ಮನಸ್ಸು ಗೆದ್ದ ಹಸಿರು ಹೃದಯ. ಆಮ್‌ಸ್ಟರ್‌ಡ್ಯಾಮ್, ಹೇಗ್, ರಾಟರ್‌ಡ್ಯಾಮ್, ಉಟ್ರೆಕ್ಟ್ ಈ ನಾಲ್ಕು ದೊಡ್ಡ ನಗರಗಳ ನಡುವೆ ಉಳಿದಿರುವ ಬಯಲು ಇದು. ನಾವು ಲೈಡನ್‌ನಲ್ಲಿ ಶುರು ಮಾಡಿದೆವು. 1575ರ ವಿಶ್ವವಿದ್ಯಾಲಯ, 1590ರ ಸಸ್ಯತೋಟ ಇರುವ ಊರು. ಅಲ್ಲಿಂದ ಹಳೆ ರೈನ್ ನದಿಯ ಪಕ್ಕದಲ್ಲಿ ಆಲ್ಫೆನ್, ಆಮೇಲೆ ಬೋಸ್ಕೋಪ್, ಸಂಜೆಗೆ ಗೌಡಾ. ಬೋಸ್ಕೋಪ್ ಪೂರ್ತಿ ಸಸಿ ಬೆಳೆಸುವವರ ಊರು. ಉದ್ದುದ್ದ ಪಟ್ಟಿಯಂಥ ತೋಟಗಳು, ಪ್ರತಿ ತೋಟದ ಸುತ್ತ ನೀರಿನ ಕಾಲುವೆ. ತೋಟದ ಕೆಲಸ ಗೊತ್ತಿರುವ ಅಕ್ಕ ಅಲ್ಲಿಂದ ಹೊರಡಲೇ ಒಪ್ಪಲಿಲ್ಲ.

ಈ ಬಯಲಿನಲ್ಲಿ ತುಳಿಯುವಾಗ ಒಂದು ವಿಚಿತ್ರ ಕಾಣುತ್ತದೆ. ನದಿ ಮೇಲಿರುತ್ತದೆ, ಹೊಲ ಕೆಳಗಿರುತ್ತದೆ. ಕಟ್ಟೆಯ ಒಂದು ಬದಿಗೆ ದೋಣಿ, ಇನ್ನೊಂದು ಬದಿಗೆ ಮನೆಯ ಹೆಂಚು. ಮೊದಲು ಇಲ್ಲಿ ಪೀಟ್ ಎಂಬ ಜೌಗು ಮಣ್ಣಿತ್ತು. ಬೇಸಾಯಕ್ಕೆಂದು ಸಾವಿರ ವರ್ಷದ ಹಿಂದೆಯೇ ಅದರ ನೀರು ಬಸಿಯಲು ಶುರು ಮಾಡಿದರು. ನೀರು ಹೋದಂತೆ ಮಣ್ಣು ಕುಗ್ಗಿತು, ನೆಲ ಇಳಿಯಿತು. ನೆಲ ಇಳಿದಂತೆ ಇನ್ನಷ್ಟು ನೀರು ಎತ್ತಬೇಕಾಯಿತು, ಗಾಳಿಯಂತ್ರಗಳು ಬಂದವು. ಇನ್ನು ಕೆಲವೆಡೆ ಉರುವಲಿಗೆಂದು ಪೀಟ್ ಅಗೆದು ಅಗೆದು ಕೆರೆಗಳೇ ಆದವು. ಗೌಡಾದ ಉತ್ತರಕ್ಕಿರುವ ರೇಯುವೈಕ್ ಕೆರೆಗಳು ಹಾಗೆ ಆದವು. ಅವುಗಳ ನಡುವೆ ಹೋಗುವ ಕಿರಿದಾದ ರಸ್ತೆಗೆ ಎರಡೂ ಕಡೆ ನೀರು. ಗೌಡಾದ ಪಶ್ಚಿಮಕ್ಕೆ ದೇಶದ ಅತ್ಯಂತ ತಗ್ಗಿನ ನೆಲ ಇದೆ, ಸಮುದ್ರ ಮಟ್ಟಕ್ಕಿಂತ ಸುಮಾರು 6.7 ಮೀಟರ್ ಕೆಳಗೆ.

ಗೌಡಾದಲ್ಲಿ ಒಂದು ರಾತ್ರಿ ಇರಲೇಬೇಕು. ಅಲ್ಲಿನ ಸೇಂಟ್ ಜಾನ್ ಚರ್ಚ್ 123 ಮೀಟರ್ ಉದ್ದ, ದೇಶದಲ್ಲೇ ಉದ್ದನೆಯದು. ಅದರ ಬಣ್ಣದ ಗಾಜಿನ ಕಿಟಕಿಗಳನ್ನು ಬೆಳಗಿನ ಬಿಸಿಲಿನಲ್ಲಿ ನೋಡಿ. ನಡುವೆ ಸಿಹಿ ಪಾಕ ಇರುವ ತೆಳು ಬಿಲ್ಲೆ ಸ್ಟ್ರೋಪ್‌ವಾಫೆಲ್ ಹುಟ್ಟಿದ್ದೂ ಇದೇ ಊರಲ್ಲಿ. ಪೊಟ್ಟಣದ್ದು ಬೇಡ, ಬಿಸಿಬಿಸಿ ಮಾಡಿ ಕೊಡುವ ಕಡೆ ತಿನ್ನಿ.

ಗೌಡಾದಿಂದ ಮುಂದೆ ಸಣ್ಣ ನದಿಯ ಪಕ್ಕದಲ್ಲಿ ಔಡೆವಾಟರ್. ಮಾಟಗಾತಿಯರೆಂದು ಆರೋಪ ಹೊತ್ತವರನ್ನು ತೂಗುತ್ತಿದ್ದ ತಕ್ಕಡಿ ಮನೆ ಇಲ್ಲಿದೆ. ಮಾಟಗಾತಿಯರ ಮೈ ತೂಕ ತೀರಾ ಕಡಿಮೆ ಎಂದು ಆಗಿನ ನಂಬಿಕೆ. ಇಲ್ಲಿ ಮೋಸವಿಲ್ಲದೆ ತೂಗಿ, ಸರಿಯಾದ ತೂಕ ಇದೆ ಎಂದು ಪತ್ರ ಕೊಡುತ್ತಿದ್ದರು. ಆ ಪತ್ರದಿಂದ ಜೀವ ಉಳಿಯುತ್ತಿತ್ತು. ಈಗಲೂ ಬಂದವರನ್ನು ತೂಗಿ ಪತ್ರ ಕೊಡುತ್ತಾರೆ. ಆಮೇಲೆ ಬೆಳ್ಳಿ ಕೆಲಸಕ್ಕೆ ಹೆಸರಾದ ಸ್ಖೋನ್‌ಹೋವನ್. ಅಲ್ಲಿ ಸಣ್ಣ ದೋಣಿಯಲ್ಲಿ ಲೆಕ್ ನದಿ ದಾಟಿ, ಕಟ್ಟೆ ಹಿಡಿದು ಪಶ್ಚಿಮಕ್ಕೆ ಹೋದರೆ ಕಿಂಡರ್‌ಡೈಕ್. 19 ಗಾಳಿಯಂತ್ರಗಳು, ಹೆಚ್ಚಿನವು 1738 ಮತ್ತು 1740ರಲ್ಲಿ ಕಟ್ಟಿದವು. 1997ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಬಸ್ಸಿನಲ್ಲಿ ಬಂದವರು ಮೊದಲ ನಾಲ್ಕೈದು ಯಂತ್ರ ನೋಡಿ ತಿರುಗುತ್ತಾರೆ. ಸೈಕಲ್‌ನಲ್ಲಿ ಒಳಗಿನ ತುದಿಯವರೆಗೆ ಹೋದರೆ ಜನ ಕಡಿಮೆ. ಅಲ್ಲಿಂದ ವಾಟರ್‌ಬಸ್ ಎಂಬ ದೋಣಿ ಹತ್ತಿದರೆ ರಾಟರ್‌ಡ್ಯಾಮ್. ಅಲ್ಲಿಂದ ಸ್ಖೀ ಕಾಲುವೆ ಪಕ್ಕದಲ್ಲಿ ಡೆಲ್ಫ್ಟ್. ಚಿತ್ರಕಾರ ವರ್ಮೀರ್ ಹುಟ್ಟಿದ ಊರು ಅದು. ಸಂಜೆ ಅಲ್ಲಿನ ಚೌಕದಲ್ಲಿ ಸುಮ್ನೆ ಕೂರುವುದೇ ಒಂದು ಸುಖ.

ಎಚ್ಚರಿಕೆ ಒಂದಿದೆ. ಲೆಕ್ ನದಿಯ ದಕ್ಷಿಣದ ಹಳ್ಳಿಗಳಲ್ಲಿ ದೈವಭಕ್ತರು ಜಾಸ್ತಿ. ಭಾನುವಾರ ಅಂಗಡಿ, ಕೆಫೆ ಬಹುತೇಕ ಮುಚ್ಚಿರುತ್ತವೆ. ನೀರು, ತಿಂಡಿ ಕಟ್ಟಿಕೊಂಡು ಹೋಗಿ. ಇಲ್ಲವೇ ಆ ಭಾಗ ವಾರದ ದಿನಕ್ಕೆ ಇಟ್ಟುಕೊಳ್ಳಿ. ಔಡೆವಾಟರ್, ಸ್ಖೋನ್‌ಹೋವನ್‌ನಲ್ಲೂ ರೈಲಿಲ್ಲ. ಆದರೆ ಲೈಡನ್, ಆಲ್ಫೆನ್, ಬೋಸ್ಕೋಪ್, ಗೌಡಾ, ರಾಟರ್‌ಡ್ಯಾಮ್, ಡೆಲ್ಫ್ಟ್ ಎಲ್ಲದರಲ್ಲೂ ಇದೆ. ಮೂರು ನಾಲ್ಕು ದಿನ ಇದ್ದರೆ ಈ ಹಾದಿಯನ್ನು ಬೇಕಾದಲ್ಲಿ ತುಂಡು ಮಾಡಬಹುದು, ಕೂಡಿಸಬಹುದು. ನನ್ನ ಮೊದಲ ಆಯ್ಕೆ ಇದೇ ಆಗಲು ಕಾರಣ ಅದು. ಒಂದೇ ದಿನ ಇದ್ದರೆ ಮಾತ್ರ ಕಟ್ಟೆಯ ಹಾದಿಗೆ ಹೋಗಿ.

ಹೋಖೆ ವೇಲುವೆ ಬೇರೆಯೇ ಲೋಕ. ಸುಮಾರು 5,400 ಹೆಕ್ಟೇರ್ ಕಾಡು, ಪೊದೆ, ಮರಳು ದಿಣ್ಣೆ. ಒಳಗೆ ಬರಲು ಟಿಕೆಟ್ ಇದೆ, ಆದರೆ ಬಿಳಿ ಸೈಕಲ್‌ಗಳು ಉಚಿತ. ಬೀಗ ಇಲ್ಲ, ಬಾಡಿಗೆ ಇಲ್ಲ. ಬಾಗಿಲಿನಲ್ಲಿ ಒಂದನ್ನು ತೆಗೆದುಕೊಂಡು, ಆಮೇಲೆ ಉದ್ಯಾನದೊಳಗಿನ ಸೈಕಲ್ ನಿಲ್ಲಿಸುವ ಜಾಗದಲ್ಲಿ ಬಿಡಬಹುದು. ಉದ್ಯಾನದಿಂದ ಹೊರಗೆ ಮಾತ್ರ ಒಯ್ಯುವಂತಿಲ್ಲ. ಕಾರಿನ ಭಯ ಕಡಿಮೆ, ಮರದ ಮರೆ ಇರುವುದರಿಂದ ಗಾಳಿಯೂ ಕಡಿಮೆ. ನಡುವೆ ಕ್ರೋಲರ್-ಮ್ಯೂಲರ್ ಮ್ಯೂಸಿಯಂ ಇದೆ. ವ್ಯಾನ್ ಗೋನ ಚಿತ್ರಗಳ ಸಂಗ್ರಹದಲ್ಲಿ ಜಗತ್ತಿಗೇ ಎರಡನೆಯದು. ಆಗಸ್ಟ್ ಕೊನೆಯಲ್ಲಿ ಪೊದೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಸೈಕಲ್ ಮುಟ್ಟದವರನ್ನು, ಮಕ್ಕಳನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಇಲ್ಲಿಗೇ. ಊರಿಂದ ಊರಿಗೆ ಹೋಗುವ ಖುಷಿ ಇಲ್ಲಿ ಸಿಗುವುದಿಲ್ಲ.

ಟ್ಯುಲಿಪ್ ಹೊಲಗಳನ್ನು ಹೋಲಿಕೆಗೆ ಸೇರಿಸಿಲ್ಲ. ಏಪ್ರಿಲ್ ಬಿಟ್ಟರೆ ಅಲ್ಲಿ ನೋಡಲು ಕಡಿಮೆ, ಏಪ್ರಿಲ್‌ನಲ್ಲಿ ವಿಪರೀತ ಜನ.

ಸೈಕಲ್ ವಿಷಯಕ್ಕೆ ಬರುತ್ತೇನೆ. ಬಾಡಿಗೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಗೇರ್ ಇಲ್ಲದ, ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುವ ಭಾರದ ಸೈಕಲ್. ಊರೊಳಗೆ ಸುತ್ತಲು ಚೆನ್ನಾಗಿದೆ. ನೆಟ್ಟಗೆ ಕೂರುವುದರಿಂದ ಬೆನ್ನು ನೋಯುವುದಿಲ್ಲ. ಆದರೆ ನಮ್ಮವರಿಗೆ ಕೈ ಬ್ರೇಕ್ ಅಭ್ಯಾಸ. ಜನಸಂದಣಿಯಲ್ಲಿ ಕೈ ಸುಮ್ನೆ ಬ್ರೇಕ್ ಹುಡುಕುತ್ತದೆ. ಹಳ್ಳಿಗಾಡಿಗೆ ಕೈ ಬ್ರೇಕ್ ಇರುವ ಏಳು ಗೇರ್‌ನ ಸೈಕಲ್ಲೇ ಸರಿ. ಎದುರು ಗಾಳಿಗೆ ಗೇರ್ ಬೇಕೇ ಬೇಕು. ಬ್ಯಾಟರಿ ಸೈಕಲ್ ಅಕ್ಕನಿಗೆ ಕೊಡಿಸಿದೆ. ಮೋಟಾರಿನ ನೆರವು ಗಂಟೆಗೆ 25 ಕಿ.ಮೀ.ವರೆಗೆ ಮಾತ್ರ. ಅವಳಿಗೆ ಗಾಳಿಯ ಭಯ ಹೋಯಿತು, ನನಗೆ ಅವಳನ್ನು ಹಿಡಿಯುವುದೇ ಕೆಲಸವಾಯಿತು. ಐವತ್ತು ದಾಟಿದವರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಸೀಟಿನ ಎತ್ತರವನ್ನು ಅಂಗಡಿಯಲ್ಲೇ ಇಳಿಸಿಕೊಳ್ಳಿ, ಇಲ್ಲಿನವರು ಉದ್ದ ಜನ.

ದಾರಿ ಹುಡುಕಲು ಫೋನೋ, ನಂಬರ್ ಹಲಗೆಯೋ? ಹಲಗೆಯೇ ಮೇಲು. ದಾರಿಗಳು ಕೂಡುವ ಕಡೆಯಲ್ಲೆಲ್ಲ ಒಂದು ನಂಬರ್ ಇರುತ್ತದೆ. ನಮ್ಮ ಹಾದಿಯ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಮುಗಿಯಿತು. ಈ ವ್ಯವಸ್ಥೆ ಶುರುವಾಗಿದ್ದು ಪಕ್ಕದ ಬೆಲ್ಜಿಯಂನಲ್ಲಿ, 1995ರಲ್ಲಿ. ಗಣಿ ಎಂಜಿನಿಯರ್ ಹ್ಯೂಗೊ ಬೊಲನ್ ಅವರ ಯೋಚನೆ ಅದು. ಫೋನ್ ಚಿಕ್ಕ ದಾರಿ ತೋರಿಸುತ್ತದೆ, ಈ ನಂಬರ್‌ಗಳು ಚೆಂದದ ದಾರಿ ತೋರಿಸುತ್ತವೆ. ಅಲ್ಲದೆ 2019ರ ಜುಲೈನಿಂದ ಸೈಕಲ್ ತುಳಿಯುತ್ತಾ ಫೋನ್ ಕೈಯಲ್ಲಿ ಹಿಡಿದರೆ ದಂಡ ಬೀಳುತ್ತದೆ.

ಮೂರೂ ಕಡೆ ಸಮನಾಗಿ ಸಿಗುವುದು ಸುರಕ್ಷತೆ. ಅದು ತಾನಾಗಿ ಬಂದಿದ್ದಲ್ಲ. 1971ರಲ್ಲಿ ಈ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ತಂದೆತಾಯಿಯರು ಬೀದಿಗೆ ಇಳಿದರು. ಇವತ್ತು ಅಕ್ಕ ಹೆದರದೆ ತುಳಿಯುವ, ಸೈಕಲ್‌ಗೆಂದೇ ಇರುವ ಕೆಂಪು ದಾರಿಯ ಹಿಂದೆ ಆ ಹೋರಾಟ ಇದೆ. ನಮ್ಮ ಊರುಗಳಲ್ಲಿ ಶಾಲೆಗೆ ಸೈಕಲ್‌ನಲ್ಲಿ ಹೋಗುವ ಮಕ್ಕಳನ್ನು ನೆನೆದಾಗಲೆಲ್ಲ ಇದು ನನ್ನನ್ನು ಕಾಡುತ್ತದೆ.

ಉಳಿಯಲು ಹೋಟೆಲ್‌ಗಿಂತ 'ವ್ರೀಂಡನ್ ಒಪ್ ದೆ ಫೀಟ್ಸ್' (ಸೈಕಲ್ ಮೇಲಿನ ಸ್ನೇಹಿತರು) ಎಂಬ ಸಂಘ ನನಗೆ ಇಷ್ಟ. ಸದಸ್ಯರಾದರೆ ಜನರ ಮನೆಯಲ್ಲೇ ಕೋಣೆ, ಬೆಳಗಿನ ತಿಂಡಿ ಸಿಗುತ್ತದೆ. ಸೈಕಲ್‌ನಲ್ಲಿ ಅಥವಾ ನಡೆದು ಬಂದವರಿಗೆ ಮಾತ್ರ. ಸಸ್ಯಾಹಾರಿಗಳು ಬ್ರೆಡ್ಡು, ಚೀಸ್, ಆಪಲ್ ಕೇಕ್, ಪ್ಯಾನ್‌ಕೇಕ್ ನೆಚ್ಚಿಕೊಳ್ಳಬೇಕು. ಬಟಾಣಿ ಸೂಪ್ ಕೇಳುವ ಮೊದಲು ವಿಚಾರಿಸಿ, ಸಾಮಾನ್ಯವಾಗಿ ಮಾಂಸ ಇರುತ್ತದೆ. ದೊಡ್ಡ ಊರುಗಳಲ್ಲಿ, ಭಾರತ ಮೂಲದವರೂ ಇರುವ ಸುರಿನಾಮ್ ದೇಶದವರ ಅಂಗಡಿ ಹುಡುಕಿದರೆ ರೊಟ್ಟಿ, ಪಲ್ಯ ಸಿಗುತ್ತದೆ. ಹಳ್ಳಿಗಳಲ್ಲಿ ರೈತರು 'ರುಸ್ಟ್‌ಪುಂಟ್' (ದಣಿವಾರಿಸುವ ಜಾಗ) ಎಂದು ಬೋರ್ಡ್ ಹಾಕಿರುತ್ತಾರೆ. ಕಾಫಿ, ಶೌಚಾಲಯ ಎರಡೂ ಇರುತ್ತವೆ, ದುಡ್ಡನ್ನು ನಾವೇ ಡಬ್ಬಿಗೆ ಹಾಕಬೇಕು. ಹೆಂಗಸರಿಗೆ ಈ ಜಾಗಗಳು ದೊಡ್ಡ ನೆಮ್ಮದಿ.

ರೈಲಿನಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ ಬೇಕು. ವಾರದ ದಿನ ಬೆಳಿಗ್ಗೆ 6.30ರಿಂದ 9, ಸಂಜೆ 4ರಿಂದ 6.30 ಹತ್ತಿಸುವಂತಿಲ್ಲ. ಜುಲೈ, ಆಗಸ್ಟ್‌ನಲ್ಲಿ ಈ ನಿರ್ಬಂಧ ಇಲ್ಲ. ಬೇಸಿಗೆಯಲ್ಲಿ ಬರುವವರು ಬುಧವಾರ ಲೈಡನ್‌ನಿಂದ ಹೊರಡಿ. ಗುರುವಾರ ಬೆಳಿಗ್ಗೆ ಗೌಡಾದ ಚೌಕದಲ್ಲಿ ಚೀಸ್ ಸಂತೆ ಇರುತ್ತದೆ, ಅದನ್ನು ನೋಡಿಕೊಂಡು ಔಡೆವಾಟರ್ ಕಡೆ ತಿರುಗಬಹುದು. ಶನಿವಾರದೊಳಗೆ ಕಿಂಡರ್‌ಡೈಕ್ ದಾಟಿರುತ್ತೀರಿ, ಭಾನುವಾರದ ಮುಚ್ಚಿದ ಅಂಗಡಿಗಳ ಚಿಂತೆ ಇರುವುದಿಲ್ಲ.