ನೀರಿಗೊಂದು, ಸಾರಿಗೊಂದು, ಶಾಸ್ತ್ರಕ್ಕೊಂದು: ಮಣ್ಣಿನ ಮಡಕೆ ಬಳಸಿದವಳ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ‘ಎಲ್ಲದಕ್ಕೂ ಆಗುವ ಮಡಕೆ’ ಅಂತ ಒಂದು ವಸ್ತು ಇಲ್ಲ. ಆನ್‌ಲೈನ್‌ನಲ್ಲಿ ಹಾಗೆ ಬರೆದು ಮಾರುತ್ತಾರೆ, ನಂಬಬೇಡಿ. ನೀರಿನ ಮಡಕೆ ಬೆವರಬೇಕು. ಸಾರಿನ ಮಡಕೆ ಬೆವರಬಾರದು. ಮೊಸರಿನ ಕುಡಿಕೆ ಸ್ವಲ್ಪ ಹೀರಬೇಕು. ಶಾಸ್ತ್ರದ ಮಡಕೆ ಹೊಸದಾಗಿರಬೇಕು, ಅದರಲ್ಲೂ ಒಂದು ಜಾತಿಯದು ಒಡೆಯಲೇಬೇಕು. ನಮ್ಮ ಮನೆಯಲ್ಲಿ ಇವೆಲ್ಲ ಬಹಳ ವರ್ಷದಿಂದ ಬಳಕೆಯಲ್ಲಿವೆ, ಆ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಹೆಚ್ಚಿನವು ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ನಿಂದ ತಂದವು. ಬೆನ್ಸನ್ ಟೌನ್ ಪಕ್ಕ, ಮೆಟ್ರೋ ಪಿಂಕ್ ಲೈನ್‌ನ ನಿಲ್ದಾಣಕ್ಕೂ ಅದೇ ಹೆಸರು. ಗಣೇಶನ ಹಬ್ಬ ಹತ್ತಿರ ಬಂದಾಗ ಅಲ್ಲಿಗೆ ಮಡಕೆ ಕೇಳಿಕೊಂಡು ಹೋಗಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ, ಬೀದಿ ತುಂಬ ಗಣಪನೇ. ನಾನು ಹೋಗುವ ಅಂಗಡಿಯ ಅಜ್ಜಿ ಬೆಲೆ ಹೇಳುವ ಮೊದಲು ‘ಏನಕ್ಕಮ್ಮಾ ಬೇಕು?’ ಅಂತ ಕೇಳುತ್ತಾರೆ. ನೀರಿಗೆ ಅಂದರೆ ಒಂದು ರಾಶಿ, ಒಲೆಗೆ ಅಂದರೆ ಇನ್ನೊಂದು ರಾಶಿ, ಪೂಜೆಗೆ ಅಂದರೆ ಎದ್ದು ಒಳಗಿಂದ ತರುತ್ತಾರೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿಸುತ್ತಾರೆ. ಟಣ್ ಅಂದರೆ ಸರಿ, ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕಿದೆ ಅಂತ. ಆನ್‌ಲೈನ್‌ನಲ್ಲಿ ಈ ತಟ್ಟುವ ಕೆಲಸ ಆಗಲ್ಲ. ಒಮ್ಮೆ ತರಿಸಿದ್ದೆ, ತಳದಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಮೇಲೆ ಬಣ್ಣ ಬಳಿದಿದ್ದರು. ವಾಪಸ್ ತಗೊಳ್ಳಿ ಅಂದರೆ ‘ಕೈಯಿಂದ ಮಾಡಿದ ವಸ್ತುವಿನ ಸಹಜ ಗುಣ’ ಅಂತ ಉತ್ತರ ಬಂತು. ಸೋರುವುದು ಸಹಜ ಗುಣವಂತೆ!

ಈಗ ನೀರಿನ ಮಡಕೆ. ಬೆಂಗಳೂರಿಗೆ ಇದು ಹೇಳಿ ಮಾಡಿಸಿದ ವಸ್ತು, ಆದರೆ ವರ್ಷವಿಡೀ ಅಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿ ಗಾಳಿ ಒಣಗಿರುತ್ತದೆ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಬೇಕು. ಅಂದರೆ 10 ಗ್ರಾಂ ಹೋದರೆ ಒಂದು ಲೀಟರ್ ನೀರು ಲೆಕ್ಕದ ಪ್ರಕಾರ 5–6 ಡಿಗ್ರಿ ಇಳಿಯಬೇಕು. ಹೊರಗಿನ ಬಿಸಿಯೂ ಒಳಗೆ ಬರುವುದರಿಂದ ಅಷ್ಟು ಇಳಿಯದಿದ್ದರೂ ಗಂಟಲಿಗೆ ಹಿತವಾಗುವಷ್ಟು ತಣ್ಣಗಾಗುತ್ತದೆ. ಜುಲೈನಲ್ಲಿ ಜಡಿಮಳೆ ಹಿಡಿದಾಗ ಗಾಳಿಯೇ ಒದ್ದೆ, ಮಡಕೆ ಬೆವರಿದರೂ ಆರುವುದಿಲ್ಲ, ನೀರು ತಣ್ಣಗಾಗುವುದೂ ಅಷ್ಟಕ್ಕಷ್ಟೇ. ಆಗ ‘ಮಡಕೆ ಕೆಟ್ಟಿದೆ’ ಅಂತ ಒಂದು ಸ್ಟಾರ್ ಕೊಡುವವರನ್ನು ನೋಡಿದರೆ ನಗು ಬರುತ್ತದೆ. ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ ಪಕ್ಕ ಇಟ್ಟವರೂ ದೂರುವಂತಿಲ್ಲ. ಕಿಟಕಿ ಹತ್ತಿರ, ಬಿಸಿಲು ಬೀಳದ ಕಡೆ, ಸುತ್ತ ಗಾಳಿ ಆಡುವಂತೆ ಸ್ಟ್ಯಾಂಡ್ ಮೇಲಿಡಿ.

ನಿಜವಾದ ತೊಂದರೆ ನಮ್ಮ ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣ ನಿಧಾನಕ್ಕೆ ರಂಧ್ರಗಳಲ್ಲಿ ಕೂರುತ್ತದೆ, ಹೊರಮೈ ಮೇಲೆ ಬಿಳಿ ಪುಡಿ ಕಾಣುತ್ತದೆ, ಮಡಕೆ ಬೆವರುವುದು ಕಡಿಮೆಯಾಗುತ್ತದೆ. ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದರೆ ಸ್ವಲ್ಪ ದಿನ ಸುಧಾರಿಸುತ್ತದೆ, ಅಷ್ಟೇ. ಕಾವೇರಿ ನೀರು ಅಥವಾ ಫಿಲ್ಟರ್ ನೀರು ಹಾಕುವ ಮನೆಯಲ್ಲಿ ಜಾಸ್ತಿ ಬಾಳುತ್ತದೆ. ಇನ್ನೊಂದು, ನಲ್ಲಿ ಇರುವ ಮಡಕೆಯಲ್ಲಿ ಮೊದಲು ಕೈಕೊಡುವುದು ಮಡಕೆಯಲ್ಲ, ನಲ್ಲಿ. ಪ್ಲಾಸ್ಟಿಕ್ ನಲ್ಲಿಯ ವಾಷರ್ ಸಡಿಲವಾಗಿ ತೊಟ್ಟಿಕ್ಕಲು ಶುರುವಾಗುತ್ತದೆ, ಬಿಗಿ ಮಾಡಲು ಹೋದರೆ ಮಣ್ಣು ಚಟಕ್ ಅನ್ನುತ್ತದೆ. ಈಗ ನಾನು ನಲ್ಲಿ ಇಲ್ಲದ್ದೇ ತರುವುದು, ಉದ್ದ ಹಿಡಿಯ ಸೌಟು ಜೊತೆಗಿಟ್ಟರೆ ಆಯಿತು. ಮುಚ್ಚಳ ಮಾತ್ರ ತಪ್ಪದೆ ಇರಬೇಕು, ನಮ್ಮೂರಿನ ಡೆಂಗಿ ಸೊಳ್ಳೆಗೆ ನಿಂತ ಒಳ್ಳೆ ನೀರೇ ಇಷ್ಟ.

ಮಡಕೆ ನೀರು ಕುಡಿದರೆ ಗ್ಯಾಸ್ಟ್ರಿಕ್ ಹೋಗುತ್ತದೆ, ಸಕ್ಕರೆ ಇಳಿಯುತ್ತದೆ ಅನ್ನುವ ವಾಟ್ಸಾಪ್ ಮಾತಿಗೆ ನನ್ನಿಂದ ಅಂಕ ಇಲ್ಲ. ಮಡಕೆ ನೀರನ್ನು ಶುದ್ಧ ಮಾಡುವುದೂ ಇಲ್ಲ. ತಣ್ಣಗೆ ಮಾಡುತ್ತದೆ, ಮಣ್ಣಿನ ಘಮ ಕೊಡುತ್ತದೆ. ಅಷ್ಟು ಸಾಲದಾ?

ಸಾರಿನ ಮಡಕೆಗೆ ದಪ್ಪ ತಳ ಬೇಕು. ತಂದ ದಿನವೇ ಒಲೆ ಮೇಲಿಡಬೇಡಿ. ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಮರುದಿನ ಒಣಗಿಸಿ, ಎಣ್ಣೆ ಸವರಿ, ಅಕ್ಕಿ ಗಂಜಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ಗಂಜಿಯ ಪಿಷ್ಟ ರಂಧ್ರಗಳಿಗೆ ಇಳಿದು ಅಂಟಿನಂತೆ ಕೂರುತ್ತದೆ, ಸೋರುವುದು ನಿಲ್ಲುತ್ತದೆ. ಆಮೇಲೆ ಬಳಸಿದಷ್ಟೂ ಚೆಂದ. ಅವರೆಕಾಳು ಸಾರು, ಬಸ್ಸಾರು, ಮೀನು ಸಾರು ಇದರಲ್ಲಿ ಬೇರೆಯೇ. ಒಲೆ ಆರಿಸಿದ ಮೇಲೂ ಸುಮಾರು ಹೊತ್ತು ಕೊತಕೊತ ಅನ್ನುತ್ತಿರುತ್ತದೆ, ಹಾಗಾಗಿ ಸ್ವಲ್ಪ ಮೊದಲೇ ಗ್ಯಾಸ್ ಆರಿಸಬಹುದು. ಆದರೆ ಆರಂಭದಲ್ಲಿ ಕಾಯಲು ತಗೊಳ್ಳುವ ಸಮಯ ನೋಡಿದರೆ ಗ್ಯಾಸ್ ಉಳಿಯುತ್ತದೆ ಅನ್ನುವುದು ಸುಳ್ಳು. ಒಗ್ಗರಣೆ ಬೇರೆ ಸೌಟಿನಲ್ಲೇ ಮಾಡಿ, ಖಾಲಿ ಮಡಕೆ ಕಾಯಿಸಿ ತಣ್ಣೀರು ಸುರಿದರೆ ಬಿರಿಯುತ್ತದೆ. ಸೋಪು ಹಾಕಬೇಡಿ, ಮಣ್ಣು ಕುಡಿದುಬಿಡುತ್ತದೆ. ಕಡಲೆಹಿಟ್ಟು, ಸೀಗೆಪುಡಿ ಸಾಕು. ಮೀನಿಗೆ ಬೇರೆ ಮಡಕೆ, ಇದರಲ್ಲಿ ರಾಜಿ ಇಲ್ಲ. ಕಪ್ಪು ಮಡಕೆ ಕೆಂಪಿಗಿಂತ ಗಟ್ಟಿ ಅಂತ ಜಾಸ್ತಿ ದುಡ್ಡು ಕೇಳುತ್ತಾರೆ. ಸುಡುವಾಗ ಗಾಳಿ ಕಟ್ಟಿ ಹೊಗೆ ತುಂಬಿಸಿದರೆ ಕಪ್ಪು, ಗಾಳಿ ಆಡಲು ಬಿಟ್ಟರೆ ಕೆಂಪು. ಬರೀ ಬಣ್ಣಕ್ಕೆ ದುಡ್ಡು ಕೊಡಬೇಡಿ. ಒಳಗೆ ಪಳಪಳ ಹೊಳೆಯುವ ಲೇಪ ಇದ್ದರೆ ಮುಟ್ಟಲೇಬೇಡಿ, ಕೆಲವು ಲೇಪದಲ್ಲಿ ಸೀಸ ಇರುತ್ತದೆ, ಹುಣಸೆಹುಳಿ ಅದನ್ನು ಬಿಡಿಸಿ ಸಾರಿಗೆ ಸೇರಿಸುತ್ತದೆ.

ಮೊಸರಿನ ಕುಡಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರಂಶ ಹೀರಿ ಗಟ್ಟಿ ಮೊಸರು ಕೊಡುತ್ತದೆ. ತೊಳೆಯಲು ಬಿಸಿನೀರು, ಒಣಗಿಸಲು ಬಿಸಿಲು, ಎರಡೂ ತಪ್ಪಿಸಬೇಡಿ. ಹುಳಿ ವಾಸನೆ ಅಂಟಿದರೆ ಗಿಡ ನೆಡಲು ಇಟ್ಟುಕೊಳ್ಳಿ.

ಇನ್ನು ಶಾಸ್ತ್ರದ ಮಡಕೆ. ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಅಡುಗೆ ಮಡಕೆ ಹಳತಾದಷ್ಟೂ ಬೆಲೆ, ಶಾಸ್ತ್ರಕ್ಕೆ ಒಮ್ಮೆ ನೀರು ತುಂಬಿ ಕುಡಿದದ್ದೂ ನಡೆಯುವುದಿಲ್ಲ. ನಾದಿನಿ ಮದುವೆಗೆ ನವಧಾನ್ಯ ಮೊಳಕೆ ಬರಿಸುವ ಪಾಲಿಕೆ ಅನ್ನುವ ಮಣ್ಣಿನ ಪಾತ್ರೆ, ಸುಣ್ಣ ಕೆಮ್ಮಣ್ಣಿನ ಗೆರೆ ಬರೆದ ಅರಿವೇಣಿ ಅನ್ನುವ ಮದುವೆ ಮಡಕೆ, ಎಲ್ಲ ಆ ಅಜ್ಜಿಯ ಅಂಗಡಿಯಿಂದಲೇ. ನಮ್ಮತ್ತೆಯ ಊರಿನಲ್ಲಿ ಅರಿವೇಣಿಯನ್ನು ವಾಲಗದ ಜೊತೆ ಕುಂಬಾರರ ಮನೆಗೇ ಹೋಗಿ, ಪೂಜೆ ಮಾಡಿ ತರುತ್ತಿದ್ದರಂತೆ. ನಾವು ಆಟೋದಲ್ಲಿ ತಂದೆವು, ಹುಲ್ಲು ಸುತ್ತಿ ಮಡಿಲಲ್ಲಿಟ್ಟುಕೊಂಡು. ಈಗ ಪೂಜೆ ಸಾಮಾನಿನ ಅಂಗಡಿಗಳಲ್ಲಿ ಚಮಕಿ, ಮುತ್ತು ಅಂಟಿಸಿದ ಮದುವೆ ಮಡಕೆ ಸಿಗುತ್ತದೆ. ಫೋಟೋಗೆ ಸರಿ, ನೀರು ಹಾಕಿದರೆ ಬಣ್ಣ ಕೈಗೆ ಬರುತ್ತದೆ.

ಮಾವ ತೀರಿಕೊಂಡಾಗ ತಂದ ಮಡಕೆ ಬೇರೆ ಥರದ್ದು. ಹೆಗಲ ಮೇಲೆ ನೀರು ತುಂಬಿದ ಮಡಕೆ ಹೊತ್ತು ಮೂರು ಸುತ್ತು, ಪ್ರತಿ ಸುತ್ತಿಗೂ ಒಂದು ತೂತು, ಕೊನೆಗೆ ತಿರುಗಿ ನೋಡದೆ ಹಿಂದಕ್ಕೆ ಬಿಡಬೇಕು. ಅದು ತೆಳುವಾಗಿರಬೇಕು, ಒಂದೇ ಏಟಿಗೆ ತೂತಾಗಬೇಕು, ಬಿದ್ದ ತಕ್ಷಣ ಒಡೆಯಬೇಕು. ಅವತ್ತು ಅಜ್ಜಿ ತಟ್ಟಿ ತೋರಿಸಲಿಲ್ಲ, ಚೌಕಾಸಿಯೂ ಇರಲಿಲ್ಲ, ಹಳೇ ಪೇಪರ್ ಸುತ್ತಿ ಕೊಟ್ಟು ‘ಹೋಗಿ ಬನ್ನಿ’ ಅನ್ನದೆ ಸುಮ್ನೆ ನಿಂತರು.

ಸುಡದ ಮಡಕೆಗೂ ಈ ಊರಲ್ಲಿ ಜಾಗ ಇದೆ. ಚೈತ್ರ ಹುಣ್ಣಿಮೆಯ ಬೆಂಗಳೂರು ಕರಗಕ್ಕೆ ಮುಂಚೆ ನಡೆಯುವ ಹಸಿ ಕರಗಕ್ಕೆ ಸಂಪಂಗಿ ಕೆರೆಯ ಮಣ್ಣೇ ಬೇಕು ಅನ್ನುವ ಪದ್ಧತಿ. ಆ ಕೆರೆ ಇದ್ದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ, ಉಳಿದಿರುವುದು ಒಂದು ಸಣ್ಣ ಕುಂಟೆ.

ದೀಪಾವಳಿಗೆ ಹಣತೆ ತರುವವರಿಗೆ ಒಂದು ಮಾತು. ಹೊಸ ಹಣತೆಯನ್ನು ಕೆಲವು ಗಂಟೆ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಬತ್ತಿಗಿಂತ ಹಣತೆಯೇ ಜಾಸ್ತಿ ಎಣ್ಣೆ ಕುಡಿಯುತ್ತದೆ.

ಬೆಲೆ ವಿಷಯ: ನಾನು ಕೊಟ್ಟ ಹಾಗೆ, ಮಧ್ಯಮ ಗಾತ್ರದ ನೀರಿನ ಮಡಕೆ 300–400 ರೂಪಾಯಿ ಆಸುಪಾಸು, ಬೇಸಿಗೆ ಏರಿದಂತೆ ಬೆಲೆಯೂ ಏರುತ್ತದೆ. ಫೆಬ್ರವರಿಯಲ್ಲೇ ತಗೊಳ್ಳಿ. ಇಂಡಕ್ಷನ್ ಒಲೆ ಇರುವವರಿಗೆ ಸಾರಿನ ಮಡಕೆ ಬೇಡ, ಕೆಲಸವೇ ಮಾಡಲ್ಲ. ಬೆಳಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿ ಓಡಬೇಕಾದವರಿಗೂ ಬೇಡ, ಭಾನುವಾರಕ್ಕೆ ಇಟ್ಟುಕೊಳ್ಳಿ. ನೀರಿನ ಮಡಕೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಆ ನಲ್ಲಿಗೆ.