ಬಿಡಿಭಾಗ ಬದಲಿಸುವ ಮುನ್ನ ಅಳೆದು ನೋಡುವವರು: ತುಮಕೂರಿನ ಒಂದು ಬಿಎಂಎಸ್ ದುರಸ್ತಿ ಸೇವೆ

ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯ ಆಡಳಿತ ಕಟ್ಟಡದಲ್ಲಿ, ಎಎಚ್‌ಯುಗಳನ್ನು (ಕೋಣೆಗಳಿಗೆ ತಂಪು ಗಾಳಿ ಕಳಿಸುವ ಯಂತ್ರಗಳನ್ನು) ನಿಯಂತ್ರಿಸುವ ಕಂಟ್ರೋಲರ್‌ಗಳು ಮಧ್ಯಾಹ್ನವಾಯಿತೆಂದರೆ ಒಂದರ ಹಿಂದೆ ಒಂದರಂತೆ ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ) ಪರದೆಯಲ್ಲಿ ಆಫ್‌ಲೈನ್ ಆಗುತ್ತಿದ್ದವು. ಸಂಜೆಯ ವೇಳೆಗೆ ಯಾರೂ ಮುಟ್ಟದೆಯೇ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಪಡೆದಿದ್ದ ಗುತ್ತಿಗೆದಾರರು ಪ್ರತಿ ಸಲವೂ ಕಂಟ್ರೋಲರ್ ಕೆಟ್ಟಿದೆಯೆಂದು ಹೊಸದಕ್ಕೆ ಕೊಟೇಶನ್ ಕಳುಹಿಸುತ್ತಿದ್ದರು, ಹೊಸದನ್ನು ಕೂರಿಸಿದರೂ ತೊಂದರೆ ಹಾಗೆಯೇ ಉಳಿಯುತ್ತಿತ್ತು. ಕೊನೆಗೆ ತುಮಕೂರು ನಗರದ ಒಂದು ಸಣ್ಣ ಸೇವಾ ಸಂಸ್ಥೆಯನ್ನು ಕರೆಸಿದೆವು. ಅವರ ಅನುಮತಿ ಕೇಳಿಲ್ಲವಾದ್ದರಿಂದ ಹೆಸರು ಬರೆಯುತ್ತಿಲ್ಲ. ಕೆಲಸದ ಬಗೆಯನ್ನಷ್ಟೇ ಇಲ್ಲಿ ವಿಮರ್ಶಿಸುತ್ತೇನೆ.

ಬಂದವರು ಮೊದಲು ಕೇಳಿದ್ದು ಕೇಬಲ್ ಹಾದುಹೋಗಿರುವ ದಾರಿಯ ನಕ್ಷೆಯನ್ನು. ನಕ್ಷೆಗೂ ಗೋಡೆಯ ಮೇಲಿನ ಕೇಬಲ್‌ಗೂ ಹೊಂದಾಣಿಕೆಯಿಲ್ಲವೆಂದು ತಿಳಿದೊಡನೆ ಪ್ರತಿ ಪ್ಯಾನಲ್ ತೆರೆದು ತಾವೇ ದಾರಿ ಗುರುತಿಸಿಕೊಂಡರು. ನಮ್ಮದು ಬ್ಯಾಕ್‌ನೆಟ್ ಎಂಎಸ್‌ಟಿಪಿ ಜಾಲ; ಬ್ಯಾಕ್‌ನೆಟ್ ಎಂದರೆ ಕಟ್ಟಡದ ನಿಯಂತ್ರಣ ಸಾಧನಗಳು ಪರಸ್ಪರ ಮಾತಾಡುವ ಭಾಷೆ. ಅಮೆರಿಕದ ಆಶ್ರೇ ಸಂಸ್ಥೆ 1995ರಲ್ಲಿ ಪ್ರಕಟಿಸಿದ ಬ್ಯಾಕ್‌ನೆಟ್ ಮಾನದಂಡದ ಈ ಬಗೆ ಆರ್‌ಎಸ್-485 ಎಂಬ ಸಂವಹನ ತಂತಿಯ ಮೇಲೆ ನಡೆಯುತ್ತದೆ. ಕೇಬಲ್ ಕವಲೊಡೆಯದೆ ಒಂದು ಕಂಟ್ರೋಲರ್‌ನಿಂದ ಮುಂದಿನದಕ್ಕೆ ಸಾಲಾಗಿ ಸಾಗಬೇಕು, ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್‌ನ ಟರ್ಮಿನೇಷನ್ ರೆಸಿಸ್ಟರ್ (ಸಿಗ್ನಲ್ ತುದಿಯಿಂದ ಪ್ರತಿಫಲಿಸದಂತೆ ತಡೆಯುವ ರೋಧಕ) ಇರಬೇಕು. ಹಾಗಿದ್ದಲ್ಲಿ ವಿದ್ಯುತ್ ತೆಗೆದು ಪ್ಲಸ್ ಮತ್ತು ಮೈನಸ್ ತಂತಿಗಳ ನಡುವೆ ಅಳೆದರೆ ಮಲ್ಟಿಮೀಟರ್ ಸುಮಾರು 60 ಓಮ್ ತೋರಿಸಬೇಕು. ನಮ್ಮಲ್ಲಿ ತೋರಿಸಿದ್ದು 40ರ ಆಸುಪಾಸು, ಅಂದರೆ ಎಲ್ಲೋ ಮೂರನೆಯ ರೆಸಿಸ್ಟರ್ ಸೇರಿಕೊಂಡಿತ್ತು.

ಅದು ಸಿಕ್ಕಿದ್ದು ಹಳೆಯ ಭಾಗದ ಕೊನೆಯ ಕಂಟ್ರೋಲರ್‌ನಲ್ಲಿ. ಕಟ್ಟಡವನ್ನು ವಿಸ್ತರಿಸಿದಾಗ ಕೇಬಲ್ಲನ್ನು ಅಲ್ಲಿಂದ ಮುಂದಕ್ಕೆ ಎಳೆದಿದ್ದರು, ಆದರೆ ಅದರೊಳಗಿನ ಟರ್ಮಿನೇಷನ್ ಸ್ವಿಚ್ ಆನ್ ಆಗಿಯೇ ಉಳಿದಿತ್ತು. ತಂತ್ರಜ್ಞರು ಮುಚ್ಚಳ ತೆಗೆದು, ಧೂಳು ಒರೆಸಿ, ಬೆರಳುಗುರಿನಷ್ಟು ಚಿಕ್ಕ ಆ ಸ್ವಿಚ್ಚನ್ನು ನಮ್ಮ ಎಲೆಕ್ಟ್ರಿಷಿಯನ್‌ಗೆ ತೋರಿಸುತ್ತಾ, "ನೋಡಿ ಸಾರ್, ಲೈನ್ ಮುಂದಕ್ಕೆ ಹೋಗಿದೆ, ಇದು ಮಾತ್ರ ಇನ್ನೂ ನಾನೇ ಕೊನೆ ಅಂದ್ಕೊಂಡು ಕೂತಿದೆ" ಎಂದರು. ಹಳೆಯ ಗುತ್ತಿಗೆದಾರರು ಬದಲಿಸಿದ ಕಂಟ್ರೋಲರ್‌ಗಳಲ್ಲಿ ಇದು ಸೇರಿರಲಿಲ್ಲ ಎಂಬುದನ್ನು ಹೇಳಲೇಬೇಕು.

ಮಧ್ಯಾಹ್ನವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಬೇರೆ ಕಡೆ ಇತ್ತು. ಬಿಸಿಲೇರಿದಂತೆ ಚಿಲ್ಡ್ ವಾಟರ್ (ತಂಪಾಗಿಸಿದ ನೀರಿನ) ಪಂಪ್‌ಗಳ ವಿಎಫ್‌ಡಿಗಳು (ಮೋಟಾರಿನ ವೇಗ ಹೊಂದಿಸುವ, ಸುತ್ತ ವಿದ್ಯುತ್ ಗದ್ದಲ ಹುಟ್ಟಿಸುವ ಸಾಧನಗಳು) ಹೆಚ್ಚು ಹೊರೆಯಲ್ಲಿ ಓಡುತ್ತವೆ; ಅವುಗಳ ಪವರ್ ಕೇಬಲ್ ಇರುವ ಟ್ರೇಯಲ್ಲೇ ನಮ್ಮ ಸಂವಹನ ಕೇಬಲ್ಲನ್ನೂ ಮಲಗಿಸಲಾಗಿತ್ತು, ಸಾಲದ್ದಕ್ಕೆ ಅದರ ತಂತಿಗಳ ಸುತ್ತಲಿನ ಲೋಹದ ಹೊದಿಕೆಯಾದ ಶೀಲ್ಡ್ ಅನ್ನು ಎರಡೂ ತುದಿಗಳಲ್ಲಿ ಅರ್ಥಿಂಗ್‌ಗೆ ಕಟ್ಟಲಾಗಿತ್ತು. ಮೂರನೆಯ ರೆಸಿಸ್ಟರ್‌ನಿಂದ ಮೊದಲೇ ಸೊರಗಿದ್ದ ಸಿಗ್ನಲ್ ಈ ಗದ್ದಲವನ್ನು ತಾಳಿಕೊಳ್ಳುವಂತಿರಲಿಲ್ಲ. ಅವರು ಶೀಲ್ಡ್ ಅನ್ನು ಒಂದೇ ತುದಿಯಲ್ಲಿ ಉಳಿಸಿ, ಕೇಬಲ್‌ಗೆ ಬೇರೆ ದಾರಿ ಮಾಡಿಸಿದರು. ಆ ಬಳಿಕ ಮಧ್ಯಾಹ್ನದ ಆಫ್‌ಲೈನ್ ಕಾಟ ನಿಂತಿದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರು ಅಷ್ಟಕ್ಕೇ ಎದ್ದು ಹೋಗದಿದ್ದುದು. ಯುಎಸ್‌ಬಿ ಕನ್ವರ್ಟರ್ ಜೋಡಿಸಿ ವೈರ್‌ಶಾರ್ಕ್ ಎಂಬ ತಂತ್ರಾಂಶದಲ್ಲಿ ಜಾಲದ ಮಾತುಕತೆಯನ್ನು ದಾಖಲಿಸಿದಾಗ, ಪರದೆಯ ಮೇಲೆ ಉಷ್ಣಾಂಶ ನಿಧಾನವಾಗಿ ಬದಲಾಗುವುದಕ್ಕೂ ಕಾರಣ ತಿಳಿಯಿತು. ಎಂಎಸ್‌ಟಿಪಿಯಲ್ಲಿ ಟೋಕನ್ (ಕೈಯಿಂದ ಕೈಗೆ ದಾಟುವ ಮಾತಿನ ಸರದಿ) ಕೈಗೆ ಬಂದ ಮಾಸ್ಟರ್ ಸಾಧನ ಮಾತ್ರ ತಾನಾಗಿ ಮಾತು ಆರಂಭಿಸಬಹುದು. ನಮ್ಮ ಕಂಟ್ರೋಲರ್‌ಗಳ ವಿಳಾಸಗಳು ಮೂವತ್ತನ್ನೂ ದಾಟುವುದಿಲ್ಲ, ಆದರೆ ಯಾವ ವಿಳಾಸದವರೆಗೆ ಮಾಸ್ಟರ್‌ಗಳನ್ನು ಹುಡುಕಬೇಕೆಂದು ಹೇಳುವ ಮ್ಯಾಕ್ಸ್ ಮಾಸ್ಟರ್ ಸೆಟ್ಟಿಂಗ್ ಗರಿಷ್ಠ ಮೌಲ್ಯವಾದ 127ರಲ್ಲೇ ಇದ್ದುದರಿಂದ ಕೊನೆಯ ಕಂಟ್ರೋಲರ್ ಇಲ್ಲದ ವಿಳಾಸಗಳನ್ನೆಲ್ಲ ಸರದಿಯಂತೆ ಕರೆದು ಉತ್ತರಕ್ಕೆ ಕಾಯುತ್ತಿತ್ತು. ಮುಂದಿನ ವಿಸ್ತರಣೆಗೆ ಒಂದಿಷ್ಟು ಜಾಗ ಬಿಟ್ಟು ಆ ಸಂಖ್ಯೆಯನ್ನು ಇಳಿಸಿದರು. ಅದನ್ನು ಮೀರಿದ ವಿಳಾಸ ಕೊಟ್ಟರೆ ಹೊಸ ಕಂಟ್ರೋಲರ್‌ಗೆ ಟೋಕನ್ ಸಿಗುವುದೇ ಇಲ್ಲವೆಂದು ಕನ್ನಡದಲ್ಲಿ ಚೀಟಿ ಬರೆದು ಪ್ಯಾನಲ್ ಬಾಗಿಲ ಒಳಗೆ ಅಂಟಿಸಿಯೂ ಹೋದರು.

ಕೊರತೆಗಳೂ ಇವೆ. ಸಾಮಾನ್ಯ ಕಂಪ್ಯೂಟರ್ ಜಾಲದ ಮೇಲೆ ನಡೆಯುವ ಬ್ಯಾಕ್‌ನೆಟ್ ಐಪಿ ವಿಷಯದಲ್ಲಿ ಇವರ ಕೈ ಅಷ್ಟು ಪಳಗಿಲ್ಲ. ನಮ್ಮ ಸರ್ವರ್ ಬೇರೆ ಸಬ್‌ನೆಟ್‌ಗೆ (ಜಾಲದ ಬೇರೊಂದು ಭಾಗಕ್ಕೆ) ಹೋದ ಮೇಲೆ ಸಾಧನಗಳನ್ನು ಹುಡುಕುವ ಬ್ರಾಡ್‌ಕಾಸ್ಟ್ ಸಂದೇಶಗಳು ರೂಟರ್ ದಾಟುತ್ತಿರಲಿಲ್ಲ. ಇದಕ್ಕೆ ಆ ಸಂದೇಶಗಳನ್ನು ರೂಟರ್‌ನಾಚೆಗೆ ದಾಟಿಸುವ ಬಿಬಿಎಂಡಿ ಹೊಂದಿಸಬೇಕೆಂದು ಹೇಳಿದರೇ ಹೊರತು, ಬ್ಯಾಕ್‌ನೆಟ್ ಬಳಸುವ ಯುಡಿಪಿ ಪೋರ್ಟ್ 47808 ತೆರೆಸುವುದರಿಂದ ಹಿಡಿದು ಎಲ್ಲವನ್ನೂ ನಮ್ಮ ಐಟಿ ವಿಭಾಗವೇ ಮಾಡಿಕೊಳ್ಳಬೇಕಾಯಿತು. ತಿದ್ದಿದ ಕೇಬಲ್ ನಕ್ಷೆಯನ್ನು ಕೊಡಲು ಹಲವು ಫೋನ್ ಕರೆಗಳನ್ನು ಮಾಡಿಸಿದ್ದು ಸಹ ಸರಿಯಲ್ಲ. ಶುಲ್ಕ ಕಡಿಮೆಯೇನಲ್ಲ, ಆದರೆ ನಾವು ಸುಮ್ಮನೆ ಕೊಂಡ ಕಂಟ್ರೋಲರ್‌ಗಳ ಬೆಲೆಗಿಂತ ಬಹಳ ಕಡಿಮೆ. ಆರ್‌ಎಸ್-485 ತಂತಿಯ ತೊಂದರೆ ಇರುವವರು ಇವರನ್ನು ಧೈರ್ಯವಾಗಿ ಕರೆಸಬಹುದು. ನಕ್ಷೆ ಕೈಸೇರಿದ ಮೇಲೆಯೇ ಕೊನೆಯ ಕಂತು ಎಂದು ವರ್ಕ್ ಆರ್ಡರ್‌ನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.