ರಂಗನತಿಟ್ಟಿಗೆ ಮಾರ್ಚಲ್ಲಿ ಹೋದ್ರೆ ಮರ ಮಾತ್ರ ಅಲ್ಲ, ಬಂಡೆನೂ ನೋಡಿ

ಯುಗಾದಿಗೆ ಎರಡು ವಾರ ಮುಂಚೆ ಶ್ರೀರಂಗಪಟ್ಟಣದ ಹತ್ರ ಇರೋ ರಂಗನತಿಟ್ಟು ಪಕ್ಷಿಧಾಮಕ್ಕೆ ಹೋಗಿದ್ವಿ. ಮೊದಲೇ ಹೇಳ್ಬಿಡ್ತೀನಿ, ದೋಣಿ ಹತ್ತದೆ ವಾಪಸ್ ಬರ್ಬೇಡಿ. ದಡದಿಂದ ಕಾಣೋದು ಒಂದು ಥರ, ಹುಟ್ಟು ಹಾಕ್ಕೊಂಡು ಸದ್ದಿಲ್ದೆ ನದಿ ಮಧ್ಯದ ತಿಟ್ಟಿನ ಪಕ್ಕಕ್ಕೇ ಹೋದಾಗ ಕಾಣೋದೇ ಬೇರೆ.

ಎಲ್ರೂ ಮೇಲೆ ಮರದಲ್ಲಿರೋ ಬಣ್ಣದ ಕೊಕ್ಕರೆಗಳನ್ನೇ ನೋಡ್ತಾ ಇದ್ರು, ನಾನೂ ಅಷ್ಟೇ, ಆಗ ದೋಣಿಯವ್ರು "ಮ್ಯಾಲಲ್ಲ ಸಾ, ಇಲ್ಲಿ ಬಂಡೆ ನೋಡಿ" ಅಂದ್ರು. ನೋಡಿದ್ರೆ ಬರೀ ಕಲ್ಲಿನ ಮೇಲೆ ಒಂದು ರೀವ ಹಕ್ಕಿ, ಅದೇ ರಿವರ್ ಟರ್ನ್, ತಲೆ ಮೇಲೆ ಕಪ್ಪು ಟೋಪಿ ಇಟ್ಟಂಗೆ, ಹಳದಿ ಕೊಕ್ಕು, ಮೊಟ್ಟೆ ಮೇಲೆ ಕೂತಿದೆ. ಗೂಡು ಅಂತ ಒಂದು ಕಡ್ಡಿನೂ ಇಲ್ಲ! ಅದು ಸ್ವಲ್ಪ ಎದ್ದಾಗ ಮೊಟ್ಟೆ ಕಾಣಿಸ್ತು, ಕಲ್ಲಿನ ಬಣ್ಣನೇ, ಮೇಲೆ ಕಂದು ಚುಕ್ಕೆ. ಬೇಸಿಗೇಲಿ ನೀರು ಇಳಿದು ಬಂಡೆಗಳು ನೀರಿಂದ ಮೇಲೆದ್ದಿರ್ತಾವಲ್ಲ, ಅದನ್ನೇ ನಂಬ್ಕೊಂಡು ಮೊಟ್ಟೆ ಇಡ್ತಾವೆ, ನದೀಲಿ ದಿಢೀರ್ ಅಂತ ನೀರು ಏರಿದ್ರೆ ಎಲ್ಲಾ ಕೊಚ್ಕೊಂಡು ಹೋಗುತ್ತೆ. ದೋಣಿಯವ್ರು ಅದನ್ನ ಹೇಳಿದ್ದು ಕೇಳಿ ಹೊಟ್ಟೆ ಚುರುಕ್ ಅಂತು.

ಇನ್ನೊಂದು ಮರೆಯೋಕಾಗಲ್ಲ. ಹತ್ತು ಗಂಟೆ ಬಿಸಿಲಿಗೇ ಒಂದು ಬಣ್ಣದ ಕೊಕ್ಕರೆ ಗೂಡಲ್ಲಿ ನಿಂತು ಎರಡೂ ರೆಕ್ಕೆ ಅಗಲಿಸಿ ಕೊಡೆ ಹಿಡಿದಂಗೆ ನಿಂತಿತ್ತು, ಕೆಳಗೆ ನೆರಳಲ್ಲಿ ಮರಿಗಳು. ಅಷ್ಟು ಹೊತ್ತು ನೋಡಿದ್ವಿ, ಅಲ್ಲಾಡ್ಲಿಲ್ಲ ಅದು.

ಚಮಚದ ಕೊಕ್ಕಿನವು, ಹಾವಕ್ಕಿ, ಹೆಜ್ಜಾರ್ಲೆ ಎಲ್ಲಾ ಸಿಕ್ತು, ಬಾಯ್ ತೆಕ್ಕೊಂಡು ಬಿಸಿಲು ಕಾಯ್ತಿದ್ದ ಮೊಸಳೆನೂ. ಒಂದು ಚದರ ಕಿಲೋಮೀಟರೂ ಇಲ್ಲದ ಜಾಗ ಇದು. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ರಿಂದ ಆದ ತಿಟ್ಟುಗಳು, ಪಕ್ಷಿತಜ್ಞ ಸಲೀಂ ಅಲಿ ಅವ್ರು ನೋಡಿ ಮೈಸೂರು ಅರಸರಿಗೆ ಹೇಳಿದ್ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು, 2022ರಲ್ಲಿ ರಾಮ್ಸರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರ್ತು.

ಬೇಜಾರಾಗಿದ್ದು ಒಂದೇ, ನಮ್ಮ ದೋಣೀಲಿ ಒಬ್ರು ಮೊಬೈಲಲ್ಲಿ ಜೋರಾಗಿ ಹಾಡು ಹಾಕಿದ್ರು. ಮೊಟ್ಟೆ ಮೇಲಿರೋ ಹಕ್ಕಿ ಹೆದರಿ ಎದ್ರೆ ಮೊಟ್ಟೆ ಬಿಸಿಲಿಗೆ ಬೀಳುತ್ತೆ ಕಣ್ರೀ, ದಯವಿಟ್ಟು ಹಂಗೆ ಮಾಡ್ಬೇಡಿ.

ಗೇಟು ತೆಗೆಯೋ ಹೊತ್ತಿಗೇ ಹೋಗಿ, ಆಗ ಜನ ಕಡಿಮೆ. ಬೈನಾಕ್ಯುಲರ್ ಇದ್ರೆ ತಗೊಂಡೋಗಿ, ಇಲ್ದಿದ್ರೂ ಪರ್ವಾಗಿಲ್ಲ, ದೋಣಿ ಅಷ್ಟು ಹತ್ರ ಹೋಗುತ್ತೆ. ಮಳೆಗಾಲಕ್ಕೆ ಅಂತ ಕಾಯ್ಬೇಡಿ, ಹೊಳೆ ತುಂಬಿದ್ರೆ ದೋಣಿ ಬಿಡಲ್ಲ, ಆ ಬಂಡೆಗಳೂ ಮುಳುಗಿರ್ತಾವೆ.